ನನ್ನ ತೋಟವನ್ನು ಕಾಡು ಅಂದ ಕಂಪ್ಯೂಟರ್

ಕಂಪ್ಯೂಟರಿಗೆ ಬುದ್ಧಿ ಕಲಿಸುವುದು ನನಗೇನೂ ದೊಡ್ಡ ಕೆಲಸ ಅನ್ನಿಸಿರಲಿಲ್ಲ. ನಮ್ಮ ಮನೆಯವರಿಗೇ ಕಲಿಸಿದ್ದೇನಲ್ಲ!

ಮೊಮ್ಮಗಳು ಸಿರಿ ಲ್ಯಾಪ್‌ಟಾಪಿನಲ್ಲಿ ಮೂಡಿಗೆರೆ ಸುತ್ತಿನ ನಕ್ಷೆ ತೋರಿಸುತ್ತಿದ್ದಳು. ಮೇಲಿನಿಂದ ತೆಗೆದ ಹಳೆ ಫೋಟೋ, ಹೊಸ ಫೋಟೋ ಎರಡನ್ನೂ ಕೊಟ್ಟರೆ ಎಲ್ಲಿ ಕಾಡು, ಎಲ್ಲಿ ತೋಟ, ಎಲ್ಲಿ ಗದ್ದೆ, ವರ್ಷಗಳಲ್ಲಿ ಏನು ಬದಲಾಯಿತು ಅಂತ ಕಂಪ್ಯೂಟರೇ ಬಣ್ಣ ಹಚ್ಚಿ ಹೇಳುತ್ತದಂತೆ. ಅವಳ ಓದೇ ಅದು.

"ಜಾವಳಿಯ ನಮ್ಮ ತೋಟ ತೋರ್ಸು ಮಾರಾಯ್ತಿ," ಅಂದೆ.

ತೋರಿಸಿದಳು. ಪೂರ್ತಿ ಕಡುಹಸಿರು. ಕಡುಹಸಿರು ಅಂದರೆ ಕಾಡು!

"ಕಾಡಾ? ಮದುವೆಯಾಗಿ ಬಂದಾಗಿಂದ ಕಳೆ ತೆಗೆಸಿ, ಗೊಬ್ಬರ ಹಾಕ್ಸಿ ಸಾಕಿದ್ದು ಕಾಡಾ?"

"ಮೇಲಿಂದ ನೆರಳಿನ ಮರ ಮಾತ್ರ ಕಾಣ್ತದೆ ಅಜ್ಜಿ, ಕೆಳಗಿನ ಕಾಫಿ ಕಾಣೋದಿಲ್ಲ. ಬುಧವಾರ ಡ್ರೋನ್ ಹಾರಿಸಿ ಹೊಸ ಫೋಟೋ ತೆಗೀತೀವಿ, ನೋಡುವ."

"ಅದು ಹೇಳಿದ್ರಲ್ಲಿ ತಪ್ಪೆಂಥದು? ಮೊನ್ನೆ ಅಲ್ಲಿ ಕಾಡುಕೋಣ ಮೇಯ್ತಿತ್ತು," ಎಂದರು ನಮ್ಮ ಮನೆಯವರು.

ಸದರಿ ತೋಟವು ನಕ್ಷೆಯಲ್ಲಿ ಕಾಫಿಯೆಂದು ದಾಖಲಾಗುವವರೆಗೆ ವಿಶ್ರಮಿಸತಕ್ಕದ್ದಲ್ಲ ಎಂದು ಆ ಕ್ಷಣವೇ ನಿರ್ಧರಿಸಲಾಯಿತು!

ಮರುದಿನ ಮೇಸ್ತ್ರಿ ಶೀನನನ್ನು ಕರೆದು, ಮನೆ ಎದುರಿನ ಇಳಿಜಾರಿನಲ್ಲಿ ಮರಗಸಿ ಮಾಡು, ನೆರಳಿನ ಮರಗಳ ಕೊಂಬೆಯೆಲ್ಲ ಸವರು ಅಂದೆ.

"ಈಗ್ಲಾ ಅಮ್ಮಾ? ಮಳೆ ಹತ್ರ ಬರ್ಲಿ. ಈ ಬಿಸಿಲಿಗೆ ಗಿಡ ಬಾಡ್ತವೆ."

"ಫೋಟೋದವ್ರು ಮಳೆಗೆ ಕಾಯ್ತಾರೇನಾ?"

ಕೊಂಬೆಗಳು ಬಿದ್ದವು. ಬಿದ್ದದ್ದು ಎಲ್ಲಿಗೆ? ಕಾಫಿ ಗಿಡಗಳ ಮೇಲೇ! ಬುಧವಾರದ ಹೊತ್ತಿಗೆ ಸೊಪ್ಪೆಲ್ಲ ಒಣಗಿ ಕಂದು ಕಂಬಳಿ ಹೊದಿಸಿದಂತಾಗಿತ್ತು.

ಪರವಾಗಿಲ್ಲ, ಕಣದಲ್ಲಿ ಒಣಗಲು ಹರಡಿದ ಕಾಫಿ ಇದೆಯಲ್ಲ ಅಂದುಕೊಂಡೆ. ಅಷ್ಟರಲ್ಲಿ ಡ್ರೋನ್ ಗುಂಯ್ ಎಂದು ಬಂತು. ಬಂದದ್ದು ಸರಿಯಾಗಿ ಕಣದ ನೆತ್ತಿಯ ಮೇಲೆ ನಿಂತು ದುರುಗುಟ್ಟಿ ನೋಡತೊಡಗಿತು. ಬೆಳೆಗೆ ದೃಷ್ಟಿಯಾದರೆ? ಓಡಿಹೋಗಿ ಹೊಸ ನೀಲಿ ಟಾರ್ಪಾಲನ್ನು ಕಣದ ತುಂಬ ಹೊದಿಸಿಬಿಟ್ಟೆ! ಇಡೀ ಜಾಗದಲ್ಲಿ ಆಕಾಶಕ್ಕೆ ಕಾಣುತ್ತಿದ್ದ ಒಂದೇ ಒಂದು ಕಾಫಿಯನ್ನು ನಾನೇ ಕೈಯಾರೆ ಮುಚ್ಚಿದ್ದೆ.

ಎರಡು ದಿನ ಬಿಟ್ಟು ಸಿರಿಯ ಮೇಷ್ಟ್ರ ಫೋನು ಬಂತು. ಗಾಬರಿಯಲ್ಲಿದ್ದರು.

"ಸಿರಿ, ನಿಮ್ಮ ಜಾಗದಲ್ಲಿ ಕಾಡು ಹೋಗಿ ಬೋಳು ನೆಲ ಅಂತ ಬರ್ತಿದೆ. ಪಕ್ಕದಲ್ಲಿ ಹೊಸ ಕೆರೆ ಬೇರೆ! ಗುಡ್ಡ ಜಾರಿತಾ? ಯಾರಿಗಾದ್ರೂ ಪೆಟ್ಟಾಯ್ತಾ?"

ಸಿರಿ ನನ್ನ ಕಡೆ ನೋಡಿದಳು. "ಗುಡ್ಡ ಅಲ್ಲ ಸರ್. ನಮ್ಮಜ್ಜಿ."

ಮನೆಯವರು ನಕ್ಕು ನಕ್ಕು ಕೆಮ್ಮಿಕೊಂಡರು. "ನಾಳೆಯಿಂದ ನಿನ್ನ ಕೆರೆಯಲ್ಲೇ ಸ್ನಾನ ಮಾಡ್ತೇನೆ ಕಣೇ!"

"ಅಜ್ಜಿ," ಎಂದಳು ಸಿರಿ ಸಮಾಧಾನದಿಂದ, "ಫೋಟೋ ಮೇಲೆ ತೋಟದ ಸುತ್ತ ಬೆರಳಲ್ಲಿ ಗೆರೆ ಎಳೆದು ಕಾಫಿ ಅಂತ ಒತ್ತಿದ್ರೆ ಸಾಕಿತ್ತು. ಹಾಗೆ ತೋರಿಸಿ ತೋರಿಸಿಯೇ ಅದು ಕಲಿಯೋದು."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನು ಕೇಳಿದ್ಯಾ?"

ಈಗ ಫೋನು ಹಿಡಿದು ಕೂತಿದ್ದೇನೆ. ಬಿಡುವವಳಲ್ಲ ನಾನು. ಬೆರಳು ಸ್ವಲ್ಪ ದಪ್ಪ, ಅದೊಂದು ತೊಂದರೆ. ತೋಟದ ಜೊತೆಗೆ ಪಕ್ಕದ ಮನೆ ಗೌರಕ್ಕನ ಕೊಟ್ಟಿಗೆ, ಜೀಪು ನಿಲ್ಲುವ ಜಾಗ, ನಮ್ಮ ಬಚ್ಚಲುಮನೆ ಎಲ್ಲವೂ ಕಾಫಿಯಾಗಿವೆ. ಪ್ರತಿ ಸಲವೂ ಫೋನು "ಖಚಿತವೇ?" ಎಂದು ಕೇಳುತ್ತದೆ. ಹೌದು ಎಂದು ಒತ್ತುತ್ತೇನೆ. ಖಚಿತವಿಲ್ಲದೆ ನಾನು ಈವರೆಗೆ ಯಾವ ಕೆಲಸವನ್ನೂ ಕೆಡಿಸಿದವಳಲ್ಲ!