ಕಣ್ಣಿನ ಪರೀಕ್ಷೆಗೆ ಬಾಯಿಪಾಠ

ಯಲಹಂಕದಲ್ಲಿ ನನ್ನದು ಕನ್ನಡಕದ ಅಂಗಡಿ. ಸುತ್ತಲಿನ ಪ್ರೈಮರಿ ಶಾಲೆಗಳಲ್ಲಿ ಆರೋಗ್ಯ ತಪಾಸಣೆ ಇದ್ದರೆ ಕಣ್ಣು ನೋಡೋಕೆ ಡಾಕ್ಟರ ಜೊತೆ ನಾನೂ ಹೋಗ್ತೀನಿ. ಸೇವೆ ಅಂತೆಲ್ಲ ಹೇಳ್ಕೊಳ್ಳಲ್ಲ. ಇವತ್ತು ಕಣ್ಣು ಕಿರಿದು ಮಾಡಿ ನೋಡೋ ಮಗು ನಾಳೆಯ ಗಿರಾಕಿ. ಆದರೆ ಏನಾದರೊಂದು ಫಜೀತಿ ಆಗದೆ ವಾಪಸ್ ಬಂದದ್ದೇ ಇಲ್ಲ. ಹುಣಸಮಾರನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಆದದ್ದನ್ನೇ ಕೇಳಿ.

೧. ತೂಕ

ಅಲ್ಲಿ ಮೂರನೇ ಕ್ಲಾಸಿನ ಮಿಸ್ಸಿಗೆ ತಪಾಸಣೆ ಅಂದರೂ ಪರೀಕ್ಷೆಯೇ. ಮಕ್ಕಳು ಪಾಸಾಗಲೇಬೇಕು. ಡಾಕ್ಟರು ತೂಕದ ಮಷೀನ್ ಇಡುತ್ತಿದ್ದ ಹಾಗೇ ಬಂದು, ಬಿಸಿಯೂಟ ಆದಮೇಲೆ ತೂಗಿ ಅಂತ ಕೇಳಿಕೊಂಡರು. ಆಗಲ್ಲ ಅಂದರು ಡಾಕ್ಟರು.

"ಹೋಗ್ಲಿ, ಶೂನಾದ್ರೂ ಬಿಚ್ಚಿಸ್ಬೇಡಿ ಸಾರ್. ಅರ್ಧ ಮಾರ್ಕ್ಸ್ ಬರ್ಲಿ."

೨. ಚಾರ್ಟು

ಅಕ್ಷರದ ಚಾರ್ಟನ್ನು ಹಿಂದಿನ ವಾರವೇ ಕಳಿಸಿದ್ದೆ. ಅವತ್ತು ಒಬ್ಬೊಬ್ಬರನ್ನೇ ಕರೆದರೆ ಎಲ್ಲರೂ ಮಗ್ಗಿ ಒಪ್ಪಿಸಿದ ಹಾಗೆ ಕೊನೇ ಸಾಲಿನ ತನಕ ಸರಾಗ. ಇಡೀ ಕ್ಲಾಸಿನಲ್ಲಿ ಒಂದು ಕಣ್ಣೂ ಕೆಟ್ಟಿಲ್ಲ ಅಂದರೆ ವ್ಯಾಪಾರಿ ನಂಬುತ್ತಾನೆಯೇ? ಮಿಸ್ಸನ್ನು ವಿಚಾರಿಸಿದೆ. ವಾರವೆಲ್ಲ ಹೇಳಿಸಿ, ಮನೆಗೂ ಹೋಮ್‌ವರ್ಕ್ ಕೊಟ್ಟಿದ್ದರಂತೆ.

"ಪೋರ್ಷನ್ ಕಂಪ್ಲೀಟ್ ಸಾರ್," ಅಂದರು.

೩. ಲಗೋರಿ

ಚಾರ್ಟನ್ನು ಗೋಡೆ ಕಡೆಗೆ ತಿರುಗಿಸಿ ಮತ್ತೆ ಕರೆದೆ. ಉಳಿದವರು ಕಿಸಕ್ಕನೆ ನಕ್ಕರು. ಒಬ್ಬಳು ಮಾತ್ರ ಆ ಬಿಳೀ ಹಾಳೆಯನ್ನು ಒಂದಕ್ಷರ ತಪ್ಪದೆ ಓದಿದಳು. ಲೆನ್ಸ್ ಇಟ್ಟು ನೋಡಿದರೆ ಭಾರೀ ಪವರು. ಕನ್ನಡಕ ಅಂದದ್ದೇ ಅಳು. ಚೆಂಡು ಬಿದ್ದು ಒಡೆಯುತ್ತೆ ಅಂತ ಕನ್ನಡಕದವರನ್ನು ಲಗೋರಿಗೆ ಸೇರಿಸಿಕೊಳ್ಳಲ್ಲವಂತೆ. ಅವಳಿಗೋ ಲಗೋರಿ ಬಿಟ್ಟರೆ ಶಾಲೆಯೇ ಬೇಡ. ಒಡೆಯದ ಗಾಜು ಹಾಕಿಸಿ, ಹಿಂದೆ ಎಲಾಸ್ಟಿಕ್ ಕಟ್ಟಿ, ಮುಂದಿನ ವಾರ ನಾನೇ ತಲುಪಿಸಿದೆ. ಒಂದಾಟ ಮುಗಿಸಿ ಓಡಿಬಂದಳು.

"ಅಂಕಲ್, ದಿನಾ ನನ್ ಬೆನ್ನಿಗೆ ಚೆಂಡು ಬೀಸ್ತಿದ್ದವಳು ನಮ್ ಟೀಮಿನವಳೇ."

೪. ಅಜ್ಜಿ

ತಿಂಗಳೊಳಗೆ ಅವಳ ಅಜ್ಜಿ ಅಂಗಡಿಗೆ ಜಗಳಕ್ಕೇ ಬಂದರು. "ಏನ್ ಹಾಕ್ಬುಟ್ರಿ ಸ್ವಾಮಿ ನಮ್ ಮಗೀಗೆ? ಮೊದ್ಲು ಇಕ್ಕಿದ್ದನ್ನ ಸುಮ್ಕೆ ಉಣ್ತಿತ್ತು. ಈಗ ಅನ್ನದಾಗೆ ಕಲ್ಲು, ಸಾರ್ನಾಗೆ ಕೂದ್ಲು, ಎಲ್ಲಾ ಎತ್ತೆತ್ತಿ ತೋರಿಸ್ತದೆ."

ಕನ್ನಡಕ ಬೇಕಾಗಿರುವುದು ಅಡುಗೆ ಮಾಡುವವರಿಗೆ ಅಂತ ನನಗೆ ಅರ್ಥವಾಯಿತು. ಕೂರಿಸಿ, ಚಾರ್ಟ್ ಓದಿ ಅಜ್ಜಿ ಅಂದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಒಂದೇ ಉಸಿರಿಗೆ ಕೊನೇ ಸಾಲಿನ ತನಕ ಹೇಳಿ ಮುಗಿಸಿದರು. ಮೊಮ್ಮಗಳ ಹೋಮ್‌ವರ್ಕ್ ಮನೆಯವರಿಗೆಲ್ಲ ಬಂದುಬಿಟ್ಟಿತ್ತು.

"ಅಜ್ಜಿ, ಚಾರ್ಟ್ ಇರೋದು ನಿಮ್ ಬೆನ್ನ ಹಿಂದೆ," ಅಂದೆ.

ಅಜ್ಜಿ ತಿರುಗಿಯೂ ನೋಡಲಿಲ್ಲ. "ಎಲ್ಲಿದ್ರೇನು? ನಾನ್ ಓದ್ದೆ ತಾನೆ?"