ಬಿತ್ತರವಾಗಿಹೋದ ಕಾರ್ಡಿನ ದೃಢೀಕೃತ ನಕಲು ಕೋರಿ

ಕುದೇರು
ದಿನಾಂಕ: 11-06-2025

ಇಂದ,
ಮಹಾಲಿಂಗ,
ನಿವೃತ್ತ ದ್ವಿತೀಯ ದರ್ಜೆ ಸಹಾಯಕ, ಖರೀದಿ ಶಾಖೆ,
ಕುದೇರು, ಚಾಮರಾಜನಗರ ತಾಲ್ಲೂಕು.

ಗೆ,
ಕಾರ್ಯಕ್ರಮ ಅಧಿಕಾರಿಗಳು,
ಕೇಳುಗರ ಕೋರಿಕೆ ವಿಭಾಗ,
ಪುಕ್ಕಟೆ ಬಾನುಲಿ ಕೇಂದ್ರ.

ಮಾನ್ಯರೇ,

ವಿಷಯ: ನನ್ನ ಹೆಂಡತಿ ನನ್ನ ಬಗ್ಗೆ ರೇಡಿಯೊದಲ್ಲಿ ಏನು ಹೇಳಿದರೆಂಬುದನ್ನು ನನಗೂ ತಿಳಿಸಿಕೊಡುವ ಕುರಿತು.

ಉಲ್ಲೇಖ: 1) ಶ್ರೀಮತಿ ಪುಟ್ಟಮಾದಮ್ಮನವರ ಅಂಚೆ ಕಾರ್ಡು, ತಾವು ದಿ. 01-06-2025ರ ಭಾನುವಾರ ಬೆಳಿಗ್ಗೆ ಓದಿದ್ದು.
2) ಅಂದಿನಿಂದ ಇಂದಿನವರೆಗೆ ಸದರಿಯವರ ಮೌನ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಪುಟ್ಟಮಾದಮ್ಮನವರ ಗಂಡನಾದ ನಾನು ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ನಮ್ಮ ಮನೆಯ ಹಳೆಯ ರೇಡಿಯೊ ಗೊರಗೊರ ಅನ್ನುತ್ತಿತ್ತು. ಕಳೆದ ತಿಂಗಳ ಕೊನೆಯಲ್ಲಿ ಮಗಳು ಭಾನುವಿನ ಮನೆಗೆಂದು ಗುಂಡ್ಲುಪೇಟೆಗೆ ಹೋಗಿದ್ದಾಗ, ಅಲ್ಲಿನ ಅಂಗಡಿಯೊಂದರಲ್ಲಿ ಉಪಗ್ರಹದಿಂದ ನೇರ ಮನೆಗೇ ಇಳಿಯುವ ಚಂದಾ ರೇಡಿಯೊ ಕಣ್ಣಿಗೆ ಬಿತ್ತು. ಅಂಗಡಿಯ ರಘುನಾಥನವರು, "ಬಂಡೀಪುರದ ಕಾಡೊಳಗೂ ಸಿಗ್ತದೆ ಸಾರ್. ಆನೆ ಅಡ್ಡ ನಿಂತ್ರೂ ಕಟ್ಟಾಗಲ್ಲ" ಎಂದರು. ನಮ್ಮ ಮನೆಯಲ್ಲಿ ಆನೆ ಇಲ್ಲ. ಆದರೂ ಅಂಶವನ್ನು ಗಮನಿಸಲಾಯಿತು.

2. ಕೈಗೆ ಬಂದದ್ದನ್ನು ಹಾಗೇ ಕೊಳ್ಳುವವನು ನಾನಲ್ಲ. ಮೂವತ್ತನಾಲ್ಕು ವರ್ಷ ಖರೀದಿ ಶಾಖೆಯಲ್ಲಿ ದರಪಟ್ಟಿಗಳನ್ನು ಹೋಲಿಸಿದವನು. ಆದ್ದರಿಂದ ಅಂಗಡಿಯಲ್ಲೇ ಕೂತು ಪುಕ್ಕಟೆ ರೇಡಿಯೊ ಮತ್ತು ಚಂದಾ ರೇಡಿಯೊಗಳ ತುಲನಾತ್ಮಕ ಪಟ್ಟಿ ತಯಾರಿಸಿದೆ. ಪುಕ್ಕಟೆ ರೇಡಿಯೊದ ಮುಂದೆ ದರದ ಕಾಲಂ ಖಾಲಿ ಉಳಿಯಿತು. ದರ ನಮೂದಿಸದ ದರಪಟ್ಟಿಯನ್ನು ತಿರಸ್ಕರಿಸುವುದು ನಾನು ಕಲಿತ ಮೊದಲ ಪಾಠ. ಹೀಗಾಗಿ, ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ತಮ್ಮ ಕೇಂದ್ರವು ಅನರ್ಹಗೊಂಡಿತು. ಉಳಿದದ್ದು ಒಂದೇ ಆದ್ದರಿಂದ ಒಂದು ವರ್ಷದ ಚಂದಾ ಕಟ್ಟಿದೆ.

3. ಶನಿವಾರ ಸಂಜೆ ತಾರಸಿಯ ಮೇಲೆ ಚಂದಾ ರೇಡಿಯೊದ ಆಂಟೆನಾ ತಟ್ಟೆ ಕೂರಿಸಿದ್ದಾಯಿತು. ಹಳೆಯ ರೇಡಿಯೊವನ್ನು 'ಉಪಯೋಗಕ್ಕೆ ಬಾರದ ವಸ್ತು' ಎಂದು ಪರಿಗಣಿಸಿ, ಬಸ್ ಸ್ಟಾಪಿನ ಟೀ ಅಂಗಡಿ ಮರಿಯಯ್ಯನವರಿಗೆ ವಿಲೇವಾರಿ ಮಾಡಿದೆ. ಪುಟ್ಟಮಾದಮ್ಮನವರು ಆ ಹೊತ್ತಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಅವರ ಅಭಿಪ್ರಾಯ ಪಡೆಯಲಾಗಿರುವುದಿಲ್ಲ.

4. ಮಾರನೆಯ ಬೆಳಿಗ್ಗೆ ಅವರು ಹಸಿರು ರೇಷ್ಮೆ ಸೀರೆ ಉಟ್ಟು, ಎರಡು ಲೋಟ ಕಾಫಿ ಹಿಡಿದು ನನ್ನ ಪಕ್ಕ ಬಂದು ಕೂತರು. ಅಂದು ನಮ್ಮ ಮದುವೆಗೆ ಮೂವತ್ತೊಂದು ವರ್ಷ ತುಂಬಿತ್ತೆಂಬ ಅಂಶ ಅರ್ಜಿದಾರನ ಗಮನಕ್ಕೆ ಬಂದಿರಲಿಲ್ಲ.

"ನಮ್ ರೇಡಿಯೊವ ಎಲ್ಲಿ ಮಡ್ಗಿದ್ದರಿ?" ಎಂದರು.

"ವಿಲೇವಾರಿ ಆಗಿದೆ. ಇದನ್ನು ಕೇಳು, ಎಷ್ಟು ಶುದ್ಧವಾಗಿದೆ!" ಎಂದೆ. ಯಾವುದೋ ದೇಶದವನೊಬ್ಬ ಏನೋ ಊದುತ್ತಿದ್ದ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಎರಡೂ ಲೋಟ ಎತ್ತಿಕೊಂಡು ಒಳಗೆ ಹೋದರು. ನನ್ನದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

5. ಅದೇ ಹೊತ್ತಿಗೆ ತಾವು ಅವರ ಕಾರ್ಡು ಓದಿದ್ದೀರಿ. ಟೀ ಅಂಗಡಿಯಲ್ಲಿ, ನನ್ನದೇ ರೇಡಿಯೊದಲ್ಲಿ, ಹನ್ನೊಂದು ಜನ ಕೇಳಿದ್ದಾರೆ. ವಿಚಾರಣೆಯಲ್ಲಿ ಸಾಕ್ಷಿಗಳು ನೀಡಿದ ಹೇಳಿಕೆಗಳು ಹೀಗಿವೆ:

ಮರಿಯಯ್ಯ: "ಲೋ ಮಾಲಿಂಗ, ನಿನ್ನೆಸ್ರು ರೇಡಿಯೋಲಿ ಬತ್ತು ಕಣ್ಲಾ! ಏನಂದ್ರು ಅಂತ ಕೇಳ್ಬೇಡ. ಆಲು ಉಕ್ತಿತ್ತು. ಅರ್ಧ ಕೇಳ್ದೆ, ಅರ್ಧ ಒಲೆಗೋಯ್ತು."

ಶಿವರುದ್ರಸ್ವಾಮಿ, ಪಕ್ಕದ ಮನೆಯವರು: "'ನಮ್ಮನೆಯವ್ರು ಮೂವತ್ತೊಂದು ವರ್ಸದಿಂದ' ಅಂತ ಸುರುವಾಯ್ತು. ಅಷ್ಟ್ರಲ್ಲಿ ಸಂತೆಮರಳ್ಳಿ ಬಸ್ಸು ಆರ್ನ್ ಒಡ್ದ್ಬುಡ್ತು."

ಪುಟ್ಟಮಾದು, ನನ್ನ ಭಾಮೈದ: "ಎಲ್ಲಾನೂ ಕೇಳ್ದೆ ಬಾವ. ನಾನ್ ಯೋಳಲ್ಲ ಬುಡು. ಓಗಿ ಅಕ್ಕನ್ ಕಾಲ್ಗೆ ಬೀಳು." ಬೀಳಬೇಕಾದದ್ದು ಹೊಗಳಿದ್ದಕ್ಕೋ ಬೈದದ್ದಕ್ಕೋ ಎಂಬುದನ್ನು ಈ ಸಾಕ್ಷಿಯು ಸ್ಪಷ್ಟಪಡಿಸಿರುವುದಿಲ್ಲ.

6. ಅಂದೇ ಪುಟ್ಟಮಾದಮ್ಮನವರನ್ನೇ ನೇರವಾಗಿ ಕೇಳಿದೆ. "ಒಂದ್ಸಲ ಯೋಳಾಯ್ತು. ಊರೆಲ್ಲ ಕೇಳ್ತು. ನೀವು ಆಕಾಸದಲ್ಲಿದ್ರಿ" ಎಂದರು. ಅದೇ ಕಡೆಯ ಮಾತು. ಆಮೇಲೆ ಉಪ್ಪು ಕೇಳಿದರೂ ತಾರಸಿಯ ತಟ್ಟೆಯ ಕಡೆ ಕೈ ತೋರಿಸುತ್ತಿದ್ದರು.

7. ಚಂದಾ ರೇಡಿಯೊದಲ್ಲಿ ನೂರಾರು ಚಾನೆಲ್ ಇವೆ. ಹತ್ತು ದಿನ ಒಂದೊಂದನ್ನೂ ತಿರುಗಿಸಿ ನೋಡಿದ್ದೇನೆ. ಹಾಡಿಗೆ ಬರವಿಲ್ಲ, ಜಾಹೀರಾತಿನ ಕಾಟವಿಲ್ಲ. ಆದರೆ ಯಾರೊಬ್ಬರೂ ಕುದೇರು ಎಂದದ್ದಿಲ್ಲ. ಪುಟ್ಟಮಾದಮ್ಮ ಎಂದದ್ದಿಲ್ಲ. ನನಗೆ ಬಹಳ ಸಂಕಟವಾಗಿದೆ. ಇದಕ್ಕೆ ಕಚೇರಿಯ ಭಾಷೆಯಲ್ಲಿ ಬೇರೆ ಪದ ನನಗೆ ಗೊತ್ತಿಲ್ಲ.

8. ಹಳೆಯ ರೇಡಿಯೊ ವಾಪಸು ಕೇಳಿದ್ದಕ್ಕೆ ಮರಿಯಯ್ಯನವರು, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದು ಮೊದಲು ನಿರಾಕರಿಸಿದರು. ಸುದೀರ್ಘ ಮಾತುಕತೆಯ ನಂತರ ತಾರಸಿಯ ತಟ್ಟೆಗೆ ಬದಲಾಗಿ ಕೊಡಲು ಒಪ್ಪಿದರು. ಅದರಲ್ಲಿ ಹಪ್ಪಳ ಒಣಗಿಸುತ್ತಾರಂತೆ. ರೇಡಿಯೊ ನಿನ್ನೆ ಸಂಜೆ ಮನೆಗೆ ಬಂದಿದೆ. ಗೊರಗೊರ ಯಥಾಸ್ಥಿತಿಯಲ್ಲಿದೆ. ಪುಟ್ಟಮಾದಮ್ಮನವರು ಅದರ ಧೂಳು ಒರೆಸಿದರು. ನನ್ನ ಕಡೆ ನೋಡಲಿಲ್ಲ.

ಆದ್ದರಿಂದ ತಾವು ದಯಮಾಡಿ,

ಅ) ಉಲ್ಲೇಖ 1ರ ಕಾರ್ಡು ತಮ್ಮಲ್ಲಿ ಉಳಿದಿದ್ದರೆ ಅದರ ದೃಢೀಕೃತ ನಕಲನ್ನು ಕೊಡಿಸಬೇಕು;

ಆ) ಇದರೊಂದಿಗೆ ಲಗತ್ತಿಸಿರುವ ನನ್ನ ಕಾರ್ಡನ್ನು ಬರುವ ಭಾನುವಾರ, ಅದೇ ಹೊತ್ತಿಗೆ, ನಿಧಾನವಾಗಿ ಓದಿಸಬೇಕು. ಒಕ್ಕಣೆ ಚಿಕ್ಕದು: "ಪುಟ್ಟಮಾದಮ್ಮ, ನಿನ್ನ ಕಾರ್ಡಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಏನೇ ಇದ್ದರೂ ಅಷ್ಟೂ ನಿಜ. ಒಪ್ಪಿದ್ದೇನೆ."

ಸೇವಾವಧಿಯಲ್ಲಿ ನಾನು ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ. ಇದು ಮೊದಲನೆಯದು.

ತಮ್ಮ, ಇನ್ನು ಮುಂದೆ ಚಂದಾ ಕಟ್ಟದ, ವಿಶ್ವಾಸಿ,
(ಮಹಾಲಿಂಗ)

ಲಗತ್ತುಗಳು:
1. ಸಹಿ ಮಾಡಿದ ಅಂಚೆ ಕಾರ್ಡು – 1.
2. ತುಲನಾತ್ಮಕ ಪಟ್ಟಿ, ರದ್ದುಪಡಿಸಿದ್ದು – 1.
3. ಸ್ವವಿಳಾಸದ, ಸ್ಟಾಂಪು ಹಚ್ಚಿದ ಲಕೋಟೆ – 1.

ವಿಶೇಷ ಸೂಚನೆ: ನಕಲಿನಲ್ಲಿ ಬೈಗುಳ ಕಂಡುಬಂದಲ್ಲಿ ಅದನ್ನು ಅಳಿಸದೆ, ಒಂದಕ್ಷರವೂ ಬಿಡದೆ ಕಳುಹಿಸಿಕೊಡಬೇಕಾಗಿ ಕೋರಿಕೆ.