ಅತ್ತೆಯ ಗಿರಣಿಯಲ್ಲಿ ಈಜಿಪ್ಟಿನ ದೇವರುಗಳು

ನಮ್ಮ ಅತ್ತೆಯಷ್ಟು ತಪ್ಪುತಪ್ಪಾಗಿ ಈಜಿಪ್ಟಿನ ದೇವರುಗಳನ್ನು ಬಲ್ಲವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಇನ್ನೊಬ್ಬರಿಲ್ಲ. ಸರಿಯಾಗಿ ಬಲ್ಲವರಾದರೂ ಇದ್ದಾರೆಯೇ ಎಂದು ಕೇಳಿದಿರಾ? ಒಬ್ಬರಿದ್ದಾರೆ. ಅವರನ್ನು ಅತ್ತೆ ಮದುವೆಯಾಗಿದ್ದಾಳೆ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಕೊಟ್ಟೂರಿನಲ್ಲಿ ಮನೆಗೆ ಅಂಟಿಕೊಂಡೇ ಒಂದು ಹಿಟ್ಟಿನ ಗಿರಣಿ ಇಟ್ಟಿದ್ದಾಳೆ. ಮೂವತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ಗಂಟಲಿಗೆ ಈಗ ಒಂದೇ ಅಳತೆ. ಗುಟ್ಟಿಗೂ ಅದೇ, ಜಗಳಕ್ಕೂ ಅದೇ. "ಯಾರ ಮುಂದೂ ಅನಬ್ಯಾಡ" ಎಂದು ಆಕೆ ನನ್ನ ಕಿವಿಯಲ್ಲಿ ಹೇಳಿದ್ದು ಉಜ್ಜಿನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೂ ತಲುಪಿರುತ್ತದೆ.

ಮಾವ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರು. ತೆಲಿಗಿ ಕಡೆ, ತಂಬ್ರಹಳ್ಳಿ ಕಡೆ ಎಂದು ವರ್ಗವಾಗುತ್ತಾ ಹೋದರೂ ಅವರು ನಿಜವಾಗಿ ನೌಕರಿ ಮಾಡಿದ್ದು ಈಜಿಪ್ಟಿನಲ್ಲಿ. ಪುಸ್ತಕದಲ್ಲಿ ಆ ದೇಶಕ್ಕೆ ಕೊಟ್ಟದ್ದು ಎರಡೇ ಪುಟ. ಮಾವ ಜೂನ್ ತಿಂಗಳಲ್ಲಿ ನೈಲ್ ನದಿಗೆ ಇಳಿದರೆಂದರೆ ದಸರಾ ರಜೆ ಬಂದರೂ ದಡ ಹತ್ತುತ್ತಿರಲಿಲ್ಲ! "ರಾ! ಒಸಿರಿಸ್! ಐಸಿಸ್! ಸೆತ್! ಹೋರಸ್! ಥೋತ್! ಅನುಬಿಸ್!" ಎಂದು ಮಗ್ಗಿಯ ಹಾಗೆ ಹುಡುಗರಿಂದ ಕೂಗಿಸುತ್ತಿದ್ದರು. ಕೂಗು ಮುಗಿದ ಮೇಲೆ ದನಿ ತಗ್ಗಿಸಿ, "ಒಂದು ಕಾಲಕ್ಕೆ ಇಡೀ ದೇಶ ಇವರಿಗೆ ಅಡ್ಡಬಿದ್ದಿತು. ಆಮೇಲೆ ಮರೆಯಿತು. ಮರಳು ಮುಚ್ಚಿತು. ಮತ್ತೆ ಯಾರೋ ಅಗೆದು ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಈಗ ನಿಮ್ಮ ಮೊಬೈಲ್ ಆಟದಲ್ಲಿ ಕತ್ತಿ ಹಿಡಿದು ಕುಣಿಯುತ್ತಿದ್ದಾರೆ. ದೇವರಾದರೂ ಅಷ್ಟೇ, ಮಾಸ್ತರಾದರೂ ಅಷ್ಟೇ!" ಎನ್ನುತ್ತಿದ್ದರು.

ಇದೆಲ್ಲ ನನಗೆ ಇಷ್ಟು ಚೆನ್ನಾಗಿ ಗೊತ್ತಿರಲು ಕಾರಣ ನನ್ನ ಕಸುಬು. ನಾನು ಮಿಮಿಕ್ರಿ ಮಾಡುವವನು, ಮೊದಲು ಕದ್ದದ್ದೇ ಮಾವನ ಪಾಠದ ದನಿ. ಮದುವೆ ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ ಗಾಯಕ ನೀರು ಕುಡಿಯಲು ಹೋದಾಗ ಜನ ಎದ್ದು ಊಟಕ್ಕೆ ಓಡದಂತೆ ತಡೆಯುವುದು ನನ್ನ ಕೆಲಸ. ಎಲ್ಲರ ದನಿಯೂ ಬರುತ್ತದೆ, ನನ್ನದು ಮಾತ್ರ ಎಲ್ಲಿಟ್ಟೆನೋ ನೆನಪಿಲ್ಲ. ಫೋನು ಮಾಡಿದರೆ ನಮ್ಮವ್ವ ಮೊದಲು ಕೇಳುವುದೇ "ಇವತ್ತು ಯಾರಾಗಿ ಮಾತಾಡಕತ್ತೀಯಪಾ?" ಎಂದು. ಹಡಗಲಿಯಲ್ಲಿ ಹೆಣ್ಣು ನೋಡಲು ಹೋದಾಗ ಅಭ್ಯಾಸಬಲದಿಂದ ಹುಡುಗಿಯ ಅಪ್ಪನಿಗೆ ಅವರದೇ ಕೆಮ್ಮು ಸಮೇತ ಉತ್ತರ ಕೊಟ್ಟೆ. ಮಲ್ಲಿಗೆಯ ಊರಿನಿಂದ ಒಂದು ಮೊಗ್ಗೂ ಇಲ್ಲದೆ ವಾಪಸು ಬಂದವನು ಬಹುಶಃ ನಾನೊಬ್ಬನೇ.

ಇರಲಿ, ಅತ್ತೆಯ ಕಡೆ ಬರೋಣ. ಮಾವ ನಿವೃತ್ತರಾದ ದಿನ ಶಾಲೆಯ ಹಳೆಯ ಚಾರ್ಟೊಂದನ್ನು ಸುರುಳಿ ಸುತ್ತಿ ಮನೆಗೆ ತಂದು ಪಡಸಾಲೆಯ ಗೋಡೆಗೆ ಹೊಡೆದರು. ನರಿಯ ಮುಖ, ಬೆಕ್ಕಿನ ಮುಖ, ಮೊಸಳೆಯ ಮುಖ, ಗಿಡುಗನ ಮುಖ, ಹೀಗೆ ಸಾಲಾಗಿ ದೇವರುಗಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಏನ್ರೀ ಇದು, ದನದ ದವಾಖಾನಿ ಬೋರ್ಡು ತಂದೀರೇನು?"

"ದೇವರು ಅವು. ಕೈ ಮುಗಿ."

"ಮಾರಿ ನೋಡಿದ್ರ ಕೈ ಮುಗಿಬೇಕೋ ಕಲ್ಲು ಹೊಡಿಬೇಕೋ ತಿಳಿವಲ್ದು!"

"ಆನಿ ಮುಖದ ಗಣಪ್ಪಗ ವರ್ಷಾ ಕಡಬು ಮಾಡ್ತಿಯಲ್ಲ?"

"ನಮ್ಮ ಗಣಪ್ಪ ಮನಿ ಮಗ. ಇವರು ಯಾರ ಪೈಕಿ? ಯಾವೂರು? ಗುರುತಿಲ್ಲ, ಪರಿಚಯ ಇಲ್ಲ, ಪಡಸಾಲ್ಯಾಗ ಬಂದು ನಿಂತಾರ!"

ನಾನು ಸುಮ್ಮನಿರಬಹುದಿತ್ತು. ಆದರೆ ಬೆಂಕಿ ಕಂಡರೆ ತುಪ್ಪ ಹುಡುಕುವ ಜಾತಿ ನಮ್ಮದು. ಒಸಿರಿಸ್ ಮತ್ತು ಐಸಿಸ್ ಗಂಡ-ಹೆಂಡತಿ ಎಂದೆ. ಅತ್ತೆ ಸ್ವಲ್ಪ ಮೆತ್ತಗಾದಳು. ಅವರು ಒಡಹುಟ್ಟಿದ ಅಣ್ಣ-ತಂಗಿಯೂ ಹೌದು ಎಂದೆ. ಅಷ್ಟೇ!

"ಶಿವನೇ! ಆ ದೇಶದಾಗ ಆಕಿಗೆ ಒಬ್ಬ ಸ್ವಾದರ ಮಾವನ ಮಗ ಸಿಗಲಿಲ್ಲೇನೋ?"

"ಮೊದಲನೇ ದೇವರು ಅತ್ತಿ ಅವು. ಮಾವ ಎಲ್ಲಿಂದ ಬರಬೇಕು?"

"ಮಾವನ ಮನಿ ಇಲ್ಲದ್ದು ಅದೆಂಥಾ ವಂಶ!" ಎಂದವಳೇ ಮಾವನ ಟವೆಲ್ಲು ತೆಗೆದು ಚಾರ್ಟಿನ ಮೇಲೆ ಹೊದಿಸಿದಳು. ಅಲ್ಲಿಂದ ಮುಂದೆ ಮಾವ ಸ್ನಾನಕ್ಕೆ ಹೋದಾಗ ಮಾತ್ರ ಈಜಿಪ್ಟಿನ ದೇವರುಗಳಿಗೆ ಬೆಳಕು. ಉಳಿದ ಹೊತ್ತೆಲ್ಲ ಕತ್ತಲೆ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ಪೂರ್ತಿ ಹೋಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅತ್ತೆ ನಾಲ್ಕು ದಿನ ಮಂಚದ ಪಕ್ಕ ನಿಂತು "ಶಿವ ಅನ್ರಿ, ಒಂದು ಸಲ ಶಿವ ಅನ್ರಿ" ಎಂದು ಗೋಗರೆದಳು. ಆಕೆಯ ಅಳತೆಯ ಗೋಗರೆತ, ಇಡೀ ವಾರ್ಡಿನ ರೋಗಿಗಳೆಲ್ಲ ಶಿವ ಎಂದರು! ಮಾವ ಅನ್ನಲಿಲ್ಲ. ಐದನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟು, ತುಟಿ ಅಲ್ಲಾಡಿಸಿ, ಸ್ಪಷ್ಟವಾಗಿ, ಅದೇ ಮಗ್ಗಿಯ ಧಾಟಿಯಲ್ಲಿ ಹೇಳಿದರು: "ರಾ. ಒಸಿರಿಸ್. ಐಸಿಸ್. ಸೆತ್. ಹೋರಸ್. ಥೋತ್. ಅನುಬಿಸ್."

ಹೇಳಿ ಮತ್ತೆ ಕಣ್ಣು ಮುಚ್ಚಿದರು.

ಡಾಕ್ಟರು ಸಮಾಧಾನ ಹೇಳಿದರು. "ಮಾತು ಒಳಗೇ ಅದಾವಮ್ಮಾ, ದಾರಿ ಕಟ್ಟೈತಿ ಅಷ್ಟ. ಮಗ್ಗಿ, ಭಜನಿ, ಇಂಥಾ ಬಾಯಿಪಾಠ ಮೊದಲು ಬರ್ತಾವ. ದಿನಾ ಮಾತಾಡಿಸ್ರಿ. ಬೇರೆ ಮಾತೂ ಬಂದ್ರೂ ಬರಬಹುದು."

ಅತ್ತೆ ಕಣ್ಣೊರೆಸಿಕೊಂಡು ಕೇಳಿದಳು: "ಮೂವತ್ತು ವರ್ಷ ದಿನಾ ನನ್ನ ಬೈದಾರ್ರೀ. ಅದು ಬಾಯಿಪಾಠ ಆಗಿಲ್ಲೇನು?"

ಮನೆಗೆ ಬಂದ ಮೇಲೆ ಮಾವನ ಕುರ್ಚಿ ಗಿರಣಿಯ ಮುಂದಿನ ಕಟ್ಟೆಗೆ ಬಂತು. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಬಾಯಿ ಬಿಟ್ಟರೆ ಏಳು ದೇವರು, ಎಂಟನೆಯ ಮಾತಿಲ್ಲ. ಒಂದು ಮಧ್ಯಾಹ್ನ "ಒಸಿರಿಸ್" ಎಂದರು. ಏನೋ ಬೇಕಾಗಿದೆ ಎಂದುಕೊಂಡ ಅತ್ತೆ ನೀರು ತಂದಳು, ದಿಂಬು ತಂದಳು, ಬೀಸಣಿಗೆ ತಂದಳು. ಮಾವ ಬೇಡವೆಂದು ತಲೆಯಾಡಿಸಿದರು. ಕೊನೆಗೆ ನಾನು ತಿನ್ನುತ್ತಿದ್ದ ಮಿರ್ಚಿ ಕಂಡು ನಕ್ಕರು. ತಗೊಳ್ಳಿ, ಅಂದಿನಿಂದ ನಮ್ಮ ಮನೆಯಲ್ಲಿ ಸತ್ತವರ ಲೋಕದ ದೊರೆ ಒಸಿರಿಸ್ ಎಂದರೆ ಮೆಣಸಿನಕಾಯಿ ಬಜ್ಜಿ! ಎಣ್ಣೆ ಪದಾರ್ಥ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮಾವನ ಪಾಲಿನ ಒಸಿರಿಸ್ಸನ್ನು ನಾನೇ ಭಕ್ತಿಯಿಂದ ಸ್ವೀಕರಿಸುತ್ತಿದ್ದೆ.

ಒಂದು ದಿನ ಹೋಗಿ ನೋಡುತ್ತೇನೆ, ಚಾರ್ಟಿನ ಮೇಲೆ ಟವೆಲ್ಲಿಲ್ಲ! ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಮುಖ ನೋಡುತ್ತಿದ್ದಾಳೆ.

"ಲೇ, ಇದರಾಗ ಮಾತಿನ ದೇವರು ಯಾರು?"

"ಥೋತ್. ಅಕ್ಷರ ಕಂಡುಹಿಡಿದಾಂವ. ಆ ಉದ್ದ ಕೊಕ್ಕಿನಾಂವ."

"ಕೊಕ್ಕರಿ ಆದಂಗಾತು. ಎಷ್ಟು ವರ್ಷ ಆತು ಇವಗ ಎಡಿ ಹಿಡಿದು?"

"ಎರಡು ಸಾವಿರ ವರ್ಷದ ಹತ್ರ ಆಗಿರಬೇಕು."

ಅತ್ತೆ ಎದೆ ಹಿಡಿದುಕೊಂಡಳು. "ಎರಡು ಸಾವಿರ ವರ್ಷ ಉಪಾಸ! ಅಲ್ಲೋ, ಅಗದು ತಗದ್ರು, ಗಾಜಿನ ಪೆಟ್ಟಿಗ್ಯಾಗ ಇಟ್ರು, ಫೋಟೋ ಹೊಡಕೊಂಡ್ರು, ಉಣ್ಣಾಕ ಬಾ ಅಂತ ಒಬ್ಬರೂ ಅನಲಿಲ್ಲಂದ್ರ? ಹೊಟ್ಟಿ ಹಸಿದಾಂವ ಮಾತು ಎಲ್ಲಿಂದ ಕೊಡಬೇಕು?"

ಆ ಸೋಮವಾರ ಹೋಳಿಗೆ ಮಾಡಿ, ಚಾರ್ಟಿನ ಮುಂದೆ ಎಡೆ ಹಿಡಿದಳು. ಕೊಕ್ಕರೆ ತಿನ್ನುವುದು ಮೀನು ಎಂದು ನಾನು ನೆನಪಿಸಿದೆ. "ಅದು ಅವನ ಊರಾಗ. ನಮ್ಮ ಮನ್ಯಾಗ ಹೋಳಿಗಿನ ತಿನ್ನಬೇಕು" ಎಂದಳು. ಸಾವಿರಾರು ವರ್ಷಗಳ ಇತಿಹಾಸದಲ್ಲಿ ಥೋತ್ ಮಹಾಶಯ ಸಸ್ಯಾಹಾರಿಯಾದದ್ದು ಕೊಟ್ಟೂರಿನಲ್ಲಿ!

ಇಲ್ಲಿಂದ ಶುರುವಾಯಿತು ನೋಡಿ ಅತ್ತೆಯ ಪ್ರವಚನ. ಜೋಳ ತಂದವರಿಗೆ, ಹಿಟ್ಟು ಒಯ್ಯುವವರಿಗೆ, ಸುಮ್ಮನೆ ಹಾದುಹೋಗುವವರಿಗೆ, ಕಟ್ಟೆಯ ಮೇಲೆ ಮಾವನ ಎದುರೇ ನಿಂತು ಈಜಿಪ್ಟು ಹೇಳತೊಡಗಿದಳು. ಆದರೆ ಎಲ್ಲವೂ ಅದಲು ಬದಲು! ಮೊಸಳೆಯ ಮುಖ ಸೂರ್ಯನಿಗೆ, ಸೂರ್ಯ ಆಕಾಶ ದಾಟುವ ದೋಣಿ ಬೆಕ್ಕಿಗೆ. ಹೋರಸ್ ಐಸಿಸ್‌ಗೆ ಮಗನಾಗಬೇಕಾದವನು ಭಾವಮೈದುನನಾದ. ಮನುಷ್ಯ ಸತ್ತ ಮೇಲೆ ಅವನ ಹೃದಯವನ್ನು ತಕ್ಕಡಿಯಲ್ಲಿಟ್ಟು, ಇನ್ನೊಂದು ಕಡೆ ಗರಿಯೊಂದನ್ನಿಟ್ಟು ತೂಗುತ್ತಾರೆ ಎಂಬ ಕಥೆಯಂತೂ ಗಿರಣಿಯಲ್ಲಿ ಬಹಳ ಓಡಿತು.

"ಎದಿ ಹಗುರ ಇದ್ರ ಪಾಸು, ಭಾರ ಇದ್ರ ಫೇಲು" ಎಂದು ಒಂದು ದಿನ ಅತ್ತೆ ಹೇಳುತ್ತಿದ್ದಳು.

"ನಿನ್ನ ತಕ್ಕಡಿಯಾಗ ತೂಗಿದ್ರ ಎಲ್ಲಾರೂ ಫೇಲವ್ವಾ!" ಎಂದಿತು ಹಿಟ್ಟಿಗೆ ಬಂದಿದ್ದ ಒಂದು ಅಜ್ಜಿ.

"ಸುಮ್ಮನ ಕೇಳಬೇ. ತಕ್ಕಡಿ ಹಿಡಿಯಾಂವ ಅನುಬಿಸ್. ಬೆಕ್ಕಿನ ಮುಖದಾಂವ."

ಕುರ್ಚಿಯಲ್ಲಿದ್ದ ಮಾವನ ಮುಖ ಕೆಂಪೇರಿತು. ಎಡಗೈ ಮೇಲೆದ್ದಿತು. ಇಡೀ ಓಣಿಗೆ ಕೇಳುವಂತೆ ಬಂತು: "ನರಿ!"

ಸರಿಯಾಗಿ ಅದೇ ಗಳಿಗೆಗೆ ಓಣಿಯ ಹಿರಿಯರೊಬ್ಬರು ಮಾವನ ಆರೋಗ್ಯ ವಿಚಾರಿಸಲೆಂದು ಕಟ್ಟೆ ಹತ್ತುತ್ತಿದ್ದರು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಹಾಗೇ ನಿಂತರು.

"ಮಾಸ್ತರ ನನಗ ನರಿ ಅಂದ್ರಲ್ಲ?"

"ನಿಮಗ ಅಲ್ರೀ ಯಜಮಾನ್ರ, ದೇವರಿಗೆ ಅಂದ್ರು!" ಅತ್ತೆ ಕೂಗಿದಳು. "ನಿಮಗ ಅಂದಿದ್ರೂ ಇವತ್ತು ನಾ ಸಕ್ಕರಿ ಹಂಚತಿದ್ನಿ ಬಿಡ್ರಿ!"

ನಿಜವಾಗಿಯೂ ಸಕ್ಕರೆ ಹಂಚಿದಳು. ಎಂಟನೆಯ ಮಾತು ಬಂದಿತ್ತಲ್ಲ! ಹಿರಿಯರು ಸಕ್ಕರೆ ತಿಂದರು, ಆದರೆ ಮುಖ ಸಿಹಿಯಾಗಲಿಲ್ಲ.

ನನ್ನಂಥ ಜಾಣ ಇದರಿಂದ ಏನು ಕಲಿತ ಎನ್ನುತ್ತೀರಿ? ಹೊಸ ಐಟಂ ಕಲಿತ! ಹರಪನಹಳ್ಳಿಯ ಒಂದು ಮದುವೆಯಲ್ಲಿ ಅತ್ತೆಯ ಈಜಿಪ್ಟನ್ನು ಅತ್ತೆಯ ದನಿಯಲ್ಲೇ ಬಿಟ್ಟೆ. ಮಂದಿ ಬಿದ್ದು ಬಿದ್ದು ನಕ್ಕರು. ಹಗರಿಬೊಮ್ಮನಹಳ್ಳಿಯಲ್ಲಿ ಮದುಮಗ ತಾಳಿ ಕೆಳಗೆ ಬೀಳಿಸುವಷ್ಟು ನಕ್ಕ. ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಕೊಟ್ಟೂರಿಗೆ ಬಂತು. ಜೋಳದ ಬುಟ್ಟಿ ಇಳಿಸುತ್ತಾ ಜನ "ಏನವ್ವಾ ಈಜಿಪ್ಟವ್ವ, ಬೆಕ್ಕು ಹೆಂಗೈತಿ?" ಎಂದು ಕೇಳತೊಡಗಿದರು. ಆಕೆ ನಗುತ್ತಿದ್ದಳು. ನನಗೇ ಒಳಗೊಳಗೆ ಚುಚ್ಚತೊಡಗಿತು. ಬೆಂಕಿ ಹಚ್ಚಿದವನೇ ನೀರು ತರಬೇಕಲ್ಲ? ಒಂದು ದೊಡ್ಡ ಹಾಳೆ ತಂದೆ. ಸ್ಕೆಚ್ ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ, ಯಾವ ದೇವರಿಗೆ ಯಾವ ಮುಖ, ಯಾವ ಕೆಲಸ ಎಂದು ಸರಿಯಾಗಿ ಬರೆದೆ. ಗಿರಣಿಯ ಒಳಗೆ, ಮಾವನ ಕಣ್ಣಿಗೆ ಬೀಳದ ಗೋಡೆಗೆ ಹಚ್ಚಿದೆ.

"ಅತ್ತಿ, ಮಂದಿ ನಗಾಕತ್ಯಾರ. ತಪ್ಪು ನಂದ ಐತಿ. ಏಳ ಹೆಸರು, ಕಲ್ತುಬಿಡು."

ಆಕೆ ಹಾಳೆಯತ್ತ ತಿರುಗಲೂ ಇಲ್ಲ. ಗಿರಣಿಯ ಬಾಯಿಗೆ ಜೋಳ ಸುರಿದು, ಆಕೆಯ ದನಿಯೂ ಕಟ್ಟೆಗೆ ಕೇಳದಷ್ಟು ಸದ್ದೆದ್ದ ಮೇಲೆ ಶುರುಮಾಡಿದಳು:

"ರಾ, ಗಿಡುಗನ ಮುಖ, ತಲಿ ಮ್ಯಾಲೆ ಸೂರ್ಯ. ಒಸಿರಿಸ್, ಹಸರ ಮೈ, ಸತ್ತವರ ರಾಜ. ಸೆತ್, ಅವನ ತಮ್ಮ, ಅಣ್ಣನ್ನ ಕಡದು ಚೆಲ್ಲಿದಾಂವ. ಐಸಿಸ್, ದೇಶ ಎಲ್ಲಾ ತಿರುಗಿ ತುಂಡು ತುಂಡು ಆರಿಸಿ ಗಂಡನ್ನ ಕೂಡಿಸಿದಾಕಿ. ಹೋರಸ್, ಆಕಿ ಮಗ. ಥೋತ್, ಕೊಕ್ಕರಿ. ಅನುಬಿಸ್, ನರಿ. ಬಾಸ್ತೆತ್ ಬೆಕ್ಕು, ಸೊಬೆಕ್ ಮೊಸಳಿ, ಖೆಪ್ರಿ ಸಗಣಿ ಹುಳ. ಸಾಕೋ, ಇನ್ನೂ ಬೇಕೋ?"

ಕೊನೆಯ ಮೂರು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ನಾನು ಬಾಯಿ ತೆರೆದು ನಿಂತೆ. ಬಾಯಿಗೆ ಹಿಟ್ಟು ಹೋಯಿತು.

"ಮತ್ತ ಮಂದಿ ಮುಂದ ಯಾಕ ತಪ್ಪು ಹೇಳ್ತಿ?"

"ಮಂದಿ ಮುಂದ ಅಲ್ಲಲೇ ಮಂಗ್ಯಾ, ಅವರ ಮುಂದ." ಅತ್ತೆ ಹೊರಗಿನ ಕುರ್ಚಿಯತ್ತ ಗದ್ದ ಎತ್ತಿದಳು. "ಸರಿ ಹೇಳಿದ್ರ ತಲಿ ಆಡಿಸಿ ಸುಮ್ಮನಾಗ್ತಾರ. ತಪ್ಪು ಹೇಳಿದ್ರ ಮಾಸ್ತರಿಗೆ ತಡಿಯಂಗಿಲ್ಲ. ಸಿಟ್ಟು ಒಳಗಿಂದ ನೂಕತೈತಿ, ಒಂದು ಮಾತು ಹೊರಗ ಬೀಳತೈತಿ. ಈ ವಾರ ಎರಡು ಬಿದ್ದಾವ. ಮಂದಿ ನಕ್ರ ನಗಲಿ. ನೀ ಬಂದು ನನ್ನ ಶಾಣ್ಯಾಕಿನ್ನ ಮಾಡಬ್ಯಾಡ."

ಹಾಳೆ ಕಿತ್ತು, ನಾಲ್ಕು ಮಡಿಕೆ ಮಾಡಿ ಜೋಳದ ಡಬ್ಬಿಯ ಕೆಳಗೆ ತಳ್ಳಿದಳು. ಗಿರಣಿ ಬಂದ್ ಮಾಡಿ, ಸೆರಗು ಕೊಡವಿಕೊಂಡು ಕಟ್ಟೆಗೆ ಹೋಗಿ ಮಾವನ ಎದುರು ಕುಕ್ಕರಗಾಲಲ್ಲಿ ಕೂತಳು. ಏನೂ ಅರಿಯದ ಮುಖ ಮಾಡಿದಳು. ಆ ಮುಖ ಮಾಡಲು ನನಗೆ ಬರುತ್ತದೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

"ಏನ್ರೀ, ಆ ಮೊಸಳಿ ಮುಖದಾಕಿ ಐಸಿಸ್ ಅಲ್ಲೇನ್ರೀ?"

ಮಾವ ಎಡಗೈಯಿಂದ ಕುರ್ಚಿಯ ಕೈ ಬಡಿದರು. ತುಟಿ ಒಂದು ಕಡೆ ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು. ಗಂಟಲಲ್ಲಿ ಏನೋ ಸಿಕ್ಕಿ ಒದ್ದಾಡುತ್ತಿತ್ತು. ನಾನು ಹೇಳಿಕೊಡಲು ಬಾಯಿ ತೆರೆದರೆ ಅತ್ತೆ ತಿರುಗಿ ನೋಡದೆಯೇ ಕೈ ಅಡ್ಡ ಹಿಡಿದಳು. ಕಾದಳು. ಓಣಿಯಲ್ಲಿ ಒಂದು ಟ್ರ್ಯಾಕ್ಟರು ಬಂತು, ಹೋಯಿತು. ಆಕೆ ಕಾಯುತ್ತಲೇ ಇದ್ದಳು.

"ದ... ದಡ್ಡಿ!"

ಅತ್ತೆ ಕೂತಲ್ಲೇ ನನ್ನ ಕಡೆ ತಿರುಗಿದಳು. ಕೆನ್ನೆಯ ಹಿಟ್ಟಿನ ಮೇಲೆ ಎರಡು ಗೆರೆ ಮೂಡಿದ್ದವು.

"ಕೇಳಿದೇನೋ?" ಎಂದಳು. "ಇದು ದೇವರಿಗಲ್ಲ. ನನಗ!"